ಅಲ್ಮೀಡತ್ತೆಯ ಕೊನೆಯ ಚೀಟಿ

ಅಲ್ಮೀಡತ್ತೆ ಏನಾದರೂ ಕೇಳಿದರೆ ತಟ್ಟನೆ ಉತ್ತರ ಕೊಡಬೇಡಿ. ನಮ್ಮ ಹ್ಯಾಡ್ಲಿ ಕೋವ್‌ಗೆ ಹೊಸದಾಗಿ ಬಂದವರಿಗೆ ನಾವು ಹೇಳುವ ಮೊದಲ ಬುದ್ಧಿಮಾತು ಇದು. ಮಂಜು ಕವಿದಾಗ ದೋಣಿ ಬಿಡಬೇಡಿ ಅನ್ನುವುದು ಎರಡನೆಯದು. ಮಂಜಿನಲ್ಲಿ ಹೋದವರು ಎಷ್ಟೋ ಜನ ವಾಪಸು ಬಂದಿದ್ದಾರೆ. ಅತ್ತೆಗೆ ತಟ್ಟನೆ ಉತ್ತರ ಕೊಟ್ಟು ತಪ್ಪಿಸಿಕೊಂಡವರನ್ನು ಮಾತ್ರ ನಾನು ನೋಡಿಲ್ಲ.

ಪೂರ್ತಿ ಹೆಸರು ಅಲ್ಮೀಡಾ ಪಿಂಕಮ್. ಎಪ್ಪತ್ತೊಂದು ವರ್ಷ. ರಕ್ತಸಂಬಂಧದಲ್ಲಿ ಯಾರಿಗೂ ಅತ್ತೆಯಲ್ಲ, ಊರಿಗೆಲ್ಲ ಅತ್ತೆ. ಜಿಲ್ಲಾ ನ್ಯಾಯಾಲಯದ ಕಿಟಕಿಯ ಹಿಂದೆ ಮೂವತ್ತೊಂದು ವರ್ಷ ಗುಮಾಸ್ತೆಯಾಗಿ ಕೂತು ನಿವೃತ್ತಿಯಾದವಳು, ಈಗ ನೋಟರಿ. ಶನಿವಾರ ಸಂಜೆ ಐದಕ್ಕೆ ರೈತಸಂಘದ ಗ್ರೇಂಜ್ ಸಭಾಂಗಣದಲ್ಲಿ ಕಾಳೂಟ ಇರುತ್ತದಲ್ಲ, ಕಾಕಂಬಿ ಹಾಕಿ ಬೆಳಗಿನಿಂದ ಬೇಯಿಸಿದ ಬೀನ್ಸ್ ಕಾಳು, ಡಬ್ಬಿಯಲ್ಲಿ ಆವಿಗಿಟ್ಟ ಕಂದು ರೊಟ್ಟಿ, ಅದೇ ಊಟ. ಅಲ್ಲಿ ಹಣ್ಣು ತುಂಬಿ ಸುಟ್ಟ ಪೈಗಳನ್ನು ಜೋಡಿಸಿಟ್ಟ ಮೇಜಿನ ಪಕ್ಕದ ಕುರ್ಚಿ ಆಕೆಯದು. ಮುಂದೆ ಎರಡೇ ಸಾಮಾನು. ಒಂದು, ನಿಂಬೆಹಣ್ಣು ಹಿಂಡುವ ಇಕ್ಕಳದ ಹಾಗಿರುವ ಒತ್ತುಮುದ್ರೆ. ಇನ್ನೊಂದು, ಅಡುಗೆಯ ಚೀಟಿಗಳನ್ನು ಇಡುವ ನೀಲಿ ತಗಡಿನ ಡಬ್ಬಿ. ಅದರೊಳಗೆ ಸಾರು, ರೊಟ್ಟಿ, ಸಿಹಿ ಅಂತ ವಿಂಗಡಿಸಿದ ಪಟ್ಟಿಗಳು; ಸಿಹಿಯ ಹಿಂದೆ ‘ವಿಚ್ಛೇದನ’.

“ಸಿಹಿ ಆದ್ಮೇಲೆ ವಿಚ್ಛೇದನ ಯಾಕತ್ತೆ?” ಅಂತ ನಾನೇ ಒಮ್ಮೆ ಕೇಳಿದ್ದೆ.

“ಮತ್ತೆ ಸಿಹಿಗಿಂತ ಮುಂಚೆ ಬರುತ್ತಾ ಅದು?” ಅಂದಳು.

ಆಕೆಯ ಮಾತೇ ಹೀಗೆ. ಎಲ್ಲವೂ ಪ್ರಶ್ನೆ. ಹುಟ್ಟುಗುಣವಲ್ಲ, ಕೆಲಸ ಕಲಿಸಿದ್ದು. ಕಿಟಕಿಗೆ ಸೇರಿದ ಎರಡನೇ ವರ್ಷ ಒಬ್ಬ ಹೆಂಗಸು ಕಾಗದ ಹಿಡಿದು ಬಂದು “ಸಹಿ ಹಾಕಲಾ?” ಅಂದಳಂತೆ. ಅಲ್ಮೀಡಾ ಪಾಪ ಅಂತ “ಹಾಕಮ್ಮ, ಮುಗಿಸಿಬಿಡು” ಅಂದಳು. ಸಹಿ ಹಾಕಿದವಳಿಗೆ ಆಮೇಲೆ ಗೊತ್ತಾದದ್ದು, ಮನೆ ಗಂಡನ ಪಾಲಿಗೆ ಹೋಗಿ ಮನೆಯ ಮೇಲಿನ ಬ್ಯಾಂಕಿನ ಸಾಲಕ್ಕೆ ಮಾತ್ರ ತನ್ನ ಹೆಸರು ಹಾಗೇ ಅಂಟಿಕೊಂಡಿದೆ ಅಂತ. ನ್ಯಾಯಾಧೀಶರು ಅಲ್ಮೀಡಾಳನ್ನು ಒಳಗೆ ಕರೆಸಿ, “ಯಾವ ಅರ್ಜಿ, ಎಲ್ಲಿ ತುಂಬಬೇಕು, ಯಾವತ್ತಿನೊಳಗೆ ಕೊಡಬೇಕು, ಇಷ್ಟು ನೀನು ಹೇಳಬಹುದು. ಹಾಕು, ಬಿಡು ಅಂತ ಹೇಳೋದು ವಕೀಲರ ಕೆಲಸ. ಇನ್ನೊಂದು ಸಲ ಸಲಹೆ ಕೊಟ್ರೆ ಕಿಟಕಿ ಮುಚ್ಚಿಸ್ತೀನಿ” ಅಂದರು.

“ಪ್ರಶ್ನೆ ಕೇಳಬಹುದಾ, ಸ್ವಾಮಿ?”

“ಕೇಳೋದಕ್ಕೆ ಯಾರಪ್ಪಣೆ ಬೇಕು?”

ಅವತ್ತು ಹಿಡಿದ ವ್ರತ. ಈಗ ಊಟದ ಮೇಜಿನಲ್ಲಿ ಉಪ್ಪು ಬೇಕಾದರೂ “ಆ ಉಪ್ಪಿಗೆ ಈ ಕಡೆ ಬರೋ ಮನಸ್ಸಿದೆಯಾ?” ಅನ್ನುತ್ತಾಳೆ.

ಆ ‘ವಿಚ್ಛೇದನ’ದ ಹಿಂದೆ ಹನ್ನೊಂದು ಚೀಟಿಗಳಿವೆ, ಬೇರೆಯಾಗಲು ಬಂದವರಿಗೆ ಕೇಳುವ ಪ್ರಶ್ನೆಗಳು. ಒಂದೊಂದೂ ಯಾರದೋ ಬಾಳಿನ ಎಡವಟ್ಟಿನಿಂದ ಹುಟ್ಟಿದ್ದು. ಬೇರೆಯಾದ ಒಂಬತ್ತನೇ ದಿನ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡು, ಆಸ್ಪತ್ರೆಯ ವಿಮೆ ಹೆಂಡತಿಯ ಕೆಲಸದ ಕಡೆಯದು, ಈಗ ತನಗಿಲ್ಲ ಅಂತ ಅಲ್ಲೇ ತಿಳಿದವನೊಬ್ಬ. ಜೀವವಿಮೆಯಲ್ಲಿ ಹಳೇ ಹೆಂಡತಿಯ ಹೆಸರು ಬದಲಿಸುವುದನ್ನೇ ಮರೆತು ಸತ್ತವನೊಬ್ಬ. ಎರಡನೆಯವಳು ಗೋರಿಯ ಮೇಲೆ ಹೂವಿಟ್ಟಳು, ಮೊದಲನೆಯವಳು ಫ್ಲಾರಿಡಾಕ್ಕೆ ಹೋಗಿ ಬಿಸಿಲು ಕಾಯಿಸಿಕೊಂಡಳು.

ಹನ್ನೊಂದನೆಯ ಚೀಟಿ ಮಾತ್ರ ಆಕೆಯದೇ. ಅದರ ಕಥೆ ಊರಿಗೆಲ್ಲ ಗೊತ್ತು. ಅಲ್ಮೀಡಾ ಮತ್ತು ದೋಣಿ ಎಂಜಿನ್ ರಿಪೇರಿಯ ಹಾಲಿಸ್ ಪಿಂಕಮ್ ಮದುವೆಯಾದ ಹೊಸದರಲ್ಲಿ, ಇಲ್ಲಿಯವರೆಲ್ಲ ಮಾಡುವ ಹಾಗೆ, ಗುಡ್ಡದ ಸ್ಮಶಾನದಲ್ಲಿ ಇಬ್ಬರಿಗೂ ಒಂದು ಜಾಗ ಹಿಡಿದು, ಒಂದೇ ಕಲ್ಲಿನ ಮೇಲೆ ಇಬ್ಬರ ಹೆಸರು, ಹುಟ್ಟಿದ ವರ್ಷ ಕೆತ್ತಿಸಿ, ಮುಂದೆ ಒಂದು ಗೀಟು ಎಳೆಸಿ ಖಾಲಿ ಬಿಡಿಸಿದ್ದರು. ಹತ್ತು ವರ್ಷದ ಮೇಲೆ ಬೇರೆಯಾದರು. ಕಾಗದದಲ್ಲಿ ಮನೆ, ಗಾಡಿ, ಬಾಣಲೆ, ಕೊನೆಗೆ ಹಿಮ ತೆಗೆಯುವ ಸಲಿಕೆಯೂ ಹಂಚಿಹೋಯಿತು. ಕಲ್ಲು ಇಬ್ಬರಿಗೂ ನೆನಪಾಗಲಿಲ್ಲ. ಕಡಲು ಕಾಣುವ ಜಾಗ, ಬಿಡಲು ಇಬ್ಬರಿಗೂ ಮನಸ್ಸಿಲ್ಲ. ಮೂವತ್ತಾರು ವರ್ಷದಿಂದ ಆ ಕಲ್ಲಿನ ಎರಡು ಬದಿ ನಿಂತು ಜಗಳವಾಡಿಕೊಂಡೇ ಹುಲ್ಲು ಕತ್ತರಿಸುತ್ತಾರೆ. ಅದಕ್ಕೇ ಆ ಕೊನೆಯ ಚೀಟಿ: *ಯಾವ ಕಾಗದದಲ್ಲೂ ಇಲ್ಲದ್ದು ಏನಿದೆ?*

ಹೋದ ವರ್ಷ ಮಾರ್ಚಿನಲ್ಲಿ, ಹಿಮ ಕರಗಿ ರಸ್ತೆಯೆಲ್ಲ ಕೆಸರಾಗಿದ್ದ ಒಂದು ಶನಿವಾರ, ಆ ಕುರ್ಚಿಯ ಮುಂದೆ ರೊವೀನಾ ಮತ್ತು ಆರ್ಮಂಡ್ ಬಂದು ಕೂತರು. ರೊವೀನಾ ನಮ್ಮ ಸತ್ತುಹೋದ ಎಬೆನ್ ಡೆನ್‌ಬೋನ ಒಬ್ಬಳೇ ಮಗಳು. ಚಳಿಗಾಲದಲ್ಲಿ ಶಾಲೆಯ ಅಡುಗೆಮನೆ, ಬೇಸಿಗೆಯಲ್ಲಿ ಬೋನು ಬಿಟ್ಟು ಲಾಬ್‌ಸ್ಟರ್ ಸಿಗಡಿ ಹಿಡಿಯುವ ದೋಣಿ. ಗಂಡ ಆರ್ಮಂಡ್ ಒವೆಲೆಟ್ ಒಳನಾಡಿನ ಆಲೂಗಡ್ಡೆ ಹೊಲಗಳ ಕಡೆಯವನು. ಹದಿನೈದು ವರ್ಷ ಹಿಂದೆ ಎಬೆನ್‌ನ ದೋಣಿಯಲ್ಲಿ ಬೋನು ಎತ್ತುವ ಆಳಾಗಿ ಬಂದು ಅಳಿಯನಾದವನು. ಅವರಿಗೊಬ್ಬಳು ಮಗಳು, ಹತ್ತು ವರ್ಷದ ಟಿಲ್ಡಾ. ದೋಣಿಗೂ ಅವಳದೇ ಹೆಸರು.

ಬೇರೆಯಾಗುವುದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಹಗಲು ಒಂದೇ ದೋಣಿ, ಸಂಜೆ ಒಂದೇ ಸೂರು.

“ಅತ್ತೆ, ಇವನು ಎದ್ದಾಗ ಮಾತು ಶುರು ಮಾಡ್ತಾನೆ,” ಅಂದಳು ರೊವೀನಾ. “ಎಂಜಿನ್ ಹಾಕಿದ್ರೆ ನಿಲ್ಲಿಸ್ತಾನೆ ಅಂದ್ಕೊಂಡೆ. ಕೂಗಿ ಮಾತಾಡ್ತಾನೆ.”

“ಇವಳಿಗೆ ಕೋಪ ಬಂದ್ರೆ ಮಾತೇ ಇಲ್ಲ ಅತ್ತೆ. ಹೋದ ಸೆಪ್ಟೆಂಬರ್ ಪೂರ್ತಿ ನನಗೆ ಸಿಕ್ಕಿದ್ದು ಬರೀ ಗದ್ದ. ಹಿಂಗೆ ಅಂದ್ರೆ ಹೂಂ, ಹಿಂಗೆ ಅಂದ್ರೆ ಊಹೂಂ. ಗದ್ದದ ಜೊತೆ ಎಷ್ಟು ದಿನ ಸಂಸಾರ ಮಾಡೋದು?”

ಮೊದಲನೆಯ ಚೀಟಿಯನ್ನು ಅತ್ತೆ ಎಂದೂ ಎಲ್ಲರ ಮುಂದೆ ಓದುವುದಿಲ್ಲ. ಒಬ್ಬೊಬ್ಬರನ್ನೇ ಅಡುಗೆಮನೆಗೆ ಕರೆದು, ಕೈಗೆ ಒರೆಸುವ ಬಟ್ಟೆ ಕೊಟ್ಟು, ಪೈ ತಟ್ಟೆ ತೊಳೆಯುತ್ತಾ ಕೇಳುತ್ತಾಳೆ: “ನಿನ್ನನ್ನ ಯಾರಾದ್ರೂ ಹೆದರಿಸಿ ಇಲ್ಲಿಗೆ ಕರ್ಕೊಂಡು ಬಂದಿದಾರಾ?” ಹೌದು ಅಂದರೆ ಅಲ್ಲಿಗೆ ಡಬ್ಬಿ ಮುಚ್ಚಿತು. ಆಕೆಯೇ ಗಾಡಿ ಹತ್ತಿಸಿಕೊಂಡು ಜಿಲ್ಲಾಪಟ್ಟಣದ ವಕೀಲರ ಬಾಗಿಲಿಗೆ ಮುಟ್ಟಿಸುತ್ತಾಳೆ. ಹಾಗೆ ಹೋದವರು ಎಷ್ಟು ಜನ ಅನ್ನುವುದು ಆಕೆಗೆ ಮಾತ್ರ ಗೊತ್ತು. ರೊವೀನಾ “ಇವನು ಹೆದರಿಸೋದಾ? ಇಲಿ ಕಂಡ್ರೆ ಸ್ಟೂಲ್ ಹತ್ತುತ್ತಾನೆ” ಅಂತ ನಕ್ಕಳು. ಆರ್ಮಂಡ್ “ಸ್ವಲ್ಪ ಹೆದರ್ತೀನಿ ಅತ್ತೆ, ಆದ್ರೆ ಅದು ಮದುವೆಗೆ ಮುಂಚಿಂದಲೂ ಇದ್ದದ್ದೇ” ಅಂದ. ಡಬ್ಬಿ ಪೂರ್ತಿ ತೆರೆಯಿತು.

“ಮನೆ ಕ್ರಯಪತ್ರದಲ್ಲಿ ಯಾರ ಹೆಸರಿದೆ? ಬ್ಯಾಂಕಿನ ಸಾಲದಲ್ಲಿ ಯಾರ ಹೆಸರಿದೆ? ಎರಡೂ ಒಂದೇ ಅಂದ್ಕೊಂಡಿದೀರಾ?”

“ಮನೆ ಅಪ್ಪಂದು, ನನಗೇ. ಮಾಡು ರಿಪೇರಿಗೆ ತಗೊಂಡ ಸಾಲದಲ್ಲಿ ಇವನ ಹೆಸರೂ ಇತ್ತು. ಬ್ಯಾಂಕಿಗೆ ಹೋಗಿ ನನ್ನ ಹೆಸರಿಗೆ ಮಾತ್ರ ಬರೆಸ್ಕೊಂಡಾಯ್ತು.”

“ಟಿಲ್ಡಾ ಯಾರ ಹತ್ರ?”

“ಯಾವ ಟಿಲ್ಡಾ?” ಅಂದರು ಇಬ್ಬರೂ.

“ಶಾಲೆಗೆ ಹೋಗೋದು ಯಾವುದು?”

“ವಾರ ಇವಳ ಹತ್ರ, ವಾರ ನನ್ನ ಹತ್ರ,” ಅಂದ ಆರ್ಮಂಡ್. “ಐಸ್‌ಹೌಸ್ ಮೇಲಿನ ಎರಡು ಕೋಣೆ ಬಾಡಿಗೆ ಹಿಡಿದಿದೀನಿ, ಅವಳ ಮಂಚ ಆಗಲೇ ಹಾಕಿದೀನಿ. ತೇಲೋ ಟಿಲ್ಡಾ ನನಗೆ. ರೊವೀನಾ ಎಬೆನ್ನಪ್ಪನ ಚಿಕ್ಕ ದೋಣಿ ತಗೋತಾಳೆ, ಬೋನು ಅರ್ಧರ್ಧ.”

“ಹಬ್ಬಕ್ಕೆ ಮಗು ಎಲ್ಲಿರುತ್ತೆ? ಜ್ವರ ಬಂದ ದಿನ? ತೆರಿಗೆ ಕಾಗದದಲ್ಲಿ ಮಗು ಯಾವ ವರ್ಷ ಯಾರ ಲೆಕ್ಕಕ್ಕೆ?”

ಸಮಸಂಖ್ಯೆಯ ವರ್ಷ ಅವಳದು, ಬೆಸಸಂಖ್ಯೆ ಇವನದು. ವಿಮೆ ರೊವೀನಾಳ ಶಾಲೆಯ ಕಡೆಯದು. ಆರ್ಮಂಡ್ ತನಗೆ ಬೇರೆ ಮಾಡಿಸಿಕೊಂಡಿದ್ದ. ಅವಳ ಶಾಲೆಯ ಪಿಂಚಣಿಯಲ್ಲಿ ಮದುವೆಯ ವರ್ಷಗಳ ಪಾಲು ಕೇಳುವ ಹಕ್ಕು ತನಗಿದೆ ಅನ್ನುವುದು ಅವನಿಗೆ ಗೊತ್ತೇ ಇರಲಿಲ್ಲ. ಅತ್ತೆ “ಗೊತ್ತಿಲ್ಲದೇ ಬಿಡ್ತಿದೀಯಾ, ಗೊತ್ತಿದ್ದೂ ಬಿಡ್ತಿದೀಯಾ?” ಅಂತ ಕೇಳಿದ ಮೇಲೆ ಕಣ್ಣು ಪಿಳಿಪಿಳಿ ಮಾಡಿ, “ಈಗ ಗೊತ್ತಿದ್ದೂ ಬಿಟ್ಟೆ. ದೋಣಿ ನನಗೆ ಬಿಟ್ಟಿದಾಳಲ್ಲ” ಅಂತ ಬರೆದುಕೊಟ್ಟ. ಹೆಸರಿನ ಚೀಟಿ ಬಂದಾಗ ರೊವೀನಾ, “ಡೆನ್‌ಬೋ ಅಂತ ವಾಪಸು ಬರೆದ್ಬಿಡಿ. ಒವೆಲೆಟ್ ಅಂತ ಫೋನಿನಲ್ಲಿ ಅಕ್ಷರ ಅಕ್ಷರ ಹೇಳಿ ಹೇಳಿ ಸಾಕಾಯ್ತು” ಅಂದಳು. ಸುತ್ತಲಿನ ಮೇಜುಗಳಲ್ಲಿ ಜನ ಕಾಳು ತಿನ್ನುತ್ತಾ ನಗುತ್ತಿದ್ದರು. ಇಷ್ಟು ಸುಸೂತ್ರವಾದ ವಿಚ್ಛೇದನವನ್ನು ನಮ್ಮೂರು ನೋಡಿರಲಿಲ್ಲ.

ಅತ್ತೆ ಕೊನೆಯ ಚೀಟಿ ತೆಗೆದಳು. “ಯಾವ ಕಾಗದದಲ್ಲೂ ಇಲ್ಲದ್ದು ಏನಿದೆ?”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಏನಿಲ್ಲ ಅಂದರು.

ಅತ್ತೆ ಒತ್ತುಮುದ್ರೆಗೆ ಕೈ ಹಾಕಿದವಳು ಅಲ್ಲೇ ತಡೆದಳು. “ಮೇ ತಿಂಗಳಲ್ಲಿ ಬೋನು ಬಿಡೋದಕ್ಕೆ ಬೆಂಡುಗಳಿಗೆ ಯಾವ ಬಣ್ಣ ಹಚ್ತೀರಿ?”

“ಹಳದಿ, ಮಧ್ಯೆ ನೀಲಿ ಪಟ್ಟೆ,” ಅಂದರು ಇಬ್ಬರೂ, ಒಂದೇ ಉಸಿರಿಗೆ.

ಸಭಾಂಗಣದಲ್ಲಿ ಚಮಚಗಳ ಸದ್ದು ನಿಂತಿತು.

ನಮ್ಮಲ್ಲಿ ಮನುಷ್ಯನ ಹೆಸರು ಮರೆತೇವು, ಅವನ ಬೆಂಡಿನ ಬಣ್ಣ ಮರೆಯುವುದಿಲ್ಲ. ಕಡಲ ತಳದ ಬೋನಿಗೆ ಹಗ್ಗ, ಹಗ್ಗದ ತುದಿಗೆ ನೀರ ಮೇಲೆ ತೇಲುವ ಬೆಂಡು. ಆ ಬಣ್ಣ ನೋಡಿಯೇ ಇದು ಯಾರ ಬೋನು, ಇವನಿಗೆ ಇಲ್ಲಿ ಬಿಡುವ ಹಕ್ಕಿದೆಯಾ ಅಂತ ತಿಳಿಯುವುದು. ಸರ್ಕಾರ ಲೈಸೆನ್ಸ್ ಕೊಡುತ್ತದೆ, ನಿಜ. ಆದರೆ ಬಂದರು ಗುರುತಿಸದ ಬಣ್ಣ ನೀರಿಗೆ ಬಿದ್ದರೆ ಮೊದಲು ಆ ಹಗ್ಗಕ್ಕೆ ಯಾರೋ ಒಂದು ಗಂಟು ಹಾಕುತ್ತಾರೆ. ಆಮೇಲೆ ಎರಡು. ಮೂರನೇ ಸಲ ಹಗ್ಗ ಇರುವುದಿಲ್ಲ. ಇದು ಸರಿ ಅಂತ ನಾನು ಹೇಳುತ್ತಿಲ್ಲ. ಇದೆ ಅಂತ ಹೇಳುತ್ತಿದ್ದೇನೆ. ಅಪ್ಪನಾದವನು ಮಗ ದೊಡ್ಡವನಾದಾಗ ತನ್ನ ಬಣ್ಣದಲ್ಲಿ ಒಂದು ಪಟ್ಟೆ ಮಾತ್ರ ಬದಲಿಸಿ ಅವನಿಗೆ ಕೊಡುತ್ತಾನೆ. ‘ಪಟ್ಟೆ ಕೊಡುವುದು’ ಅನ್ನುತ್ತೇವೆ. ಅದನ್ನು ಕಂಡ ಮೇಲೆ ಯಾರೂ ಗಂಟು ಹಾಕುವುದಿಲ್ಲ.

ಆ ಹಳದಿ ಎಬೆನ್ ಡೆನ್‌ಬೋನ ಬಣ್ಣ. ಅವನ ಬೆರಳುಗಳು ಸೆಟೆದುಹೋದಾಗ ಬಣ್ಣದ ಬಕೆಟ್ಟನ್ನು ಅಳಿಯನ ಕೈಗೆ ಕೊಟ್ಟಿದ್ದ. ಹನ್ನೆರಡು ವರ್ಷದಿಂದ ಗಂಡಹೆಂಡತಿ ಒಂದೇ ದೋಣಿಯಿಂದ ಅದೇ ಬಣ್ಣ ಬಿಡುತ್ತಿದ್ದರು. ಅದನ್ನು ಹಂಚಬೇಕು ಅಂತ ಹೊಳೆಯುವುದಾದರೂ ಹೇಗೆ? ಉಸಿರಾಡುವ ಗಾಳಿಯನ್ನು ಯಾರು ಪಟ್ಟಿಯಲ್ಲಿ ಬರೆಯುತ್ತಾರೆ?

“ಅದು ನಮ್ಮಪ್ಪಂದು,” ಅಂದಳು ರೊವೀನಾ.

“ನಿಮ್ಮಪ್ಪನೇ ನನ್ನ ಕೈಗೆ ಕೊಟ್ಟ.”

“ನೀನು ಬೇರೆ ಬಣ್ಣ ಹಚ್ಚು.”

“ಬೇರೆ ಹಚ್ಚಿದ್ರೆ ನಾನು ಯಾರು? ಆಲೂಗಡ್ಡೆ ಊರಿನ ಒವೆಲೆಟ್. ಜೂನ್ ಹೊತ್ತಿಗೆ ನನ್ನ ಹಗ್ಗ ಒಂದೂ ಇರಲ್ಲ. ಆಮೇಲೆ ನಾನು ವಾಪಸು ಹೊಲಕ್ಕೆ ಹೋಗಬೇಕು, ಐದು ಗಂಟೆ ದಾರಿ. ವಾರ ವಾರ ಟಿಲ್ಡಾನ ಹೆಂಗೆ ಕರ್ಕೊಳ್ಳಿ?”

ರೊವೀನಾ ಗದ್ದ ಅಡ್ಡಕ್ಕೆ ಆಡಿಸಿದಳು. ಊಹೂಂ. ಎದ್ದು ಹೋದಳು. ಪೈ ಕೂಡ ತಿನ್ನಲಿಲ್ಲ. ಮುದ್ರೆ ಬೀಳಲಿಲ್ಲ.

ಮುಂದಿನ ವಾರ ಊರು ಎರಡು ಪಾಲಾಯಿತು. ಮೀನಿನ ಮೇವು ಮಾರುವ ಕಟ್ಟೆಯಲ್ಲಿ ರಕ್ತ ದೊಡ್ಡದು ಅನ್ನುವವರು ಒಂದು ಕಡೆ, ಬೆವರು ದೊಡ್ಡದು ಅನ್ನುವವರು ಒಂದು ಕಡೆ. ಆಸಾ ಕಿಲ್ಟನ್ ಅಂತ ನಮ್ಮಲ್ಲಿ ಒಬ್ಬ ಮುದುಕ ಇದ್ದಾನೆ. ಬಂದರಿನ ಗಂಟುಗಳೆಲ್ಲ ಅವನ ಬೆರಳಿನಿಂದಲೇ ಬರುತ್ತವೆ ಅಂತ ಎಲ್ಲರ ಅನುಮಾನ, ಯಾರೂ ಕಣ್ಣಾರೆ ಕಂಡಿಲ್ಲ. ಅವನು ಯಾವ ಪಕ್ಷಕ್ಕೂ ಸೇರಲಿಲ್ಲ. “ನೀರಿಗೆ ಬಿಡ್ಲಿ, ನೋಡೋಣ” ಅಂದ. ಆ ಮಾತು ಕೇಳಿ ಆರ್ಮಂಡ್‌ಗೆ ಊಟ ಸೇರಲಿಲ್ಲ.

“ಇದಕ್ಕೆ ವಕೀಲರು ಏನಂತಾರೆ ಅಂತ ಕೇಳಿದೀರಾ?” ಅಂತ ಅತ್ತೆ ಕೇಳಿದ ಮೇಲೆ ಇಬ್ಬರೂ ಬೇರೆ ಬೇರೆ ಗಾಡಿಯಲ್ಲಿ, ಬೇರೆ ಬೇರೆ ದಿನ, ಬೇರೆ ಬೇರೆ ವಕೀಲರ ಹತ್ತಿರ ಹೋಗಿಬಂದರು. ಇಬ್ಬರು ವಕೀಲರೂ ಹೇಳಿದ್ದು ಒಂದೇ. ದೋಣಿ, ಬೋನು, ಹಗ್ಗ, ಇವನ್ನು ನ್ಯಾಯಾಲಯ ಹಂಚುತ್ತದೆ. ಲೈಸೆನ್ಸ್ ಅವರವರದು, ಯಾರೂ ಯಾರಿಗೂ ಕೊಡುವಂತಿಲ್ಲ. ಬಣ್ಣ ಯಾವುದು ಅಂತ ಲೈಸೆನ್ಸಿನಲ್ಲಿ ಬರೆಸಿ ದೋಣಿಯ ಮೇಲೆ ತೋರಿಸಿದರೆ ಸರ್ಕಾರಕ್ಕೆ ಸಾಕು. ನೀವಿಬ್ಬರೂ ಒಪ್ಪಿ ಬರೆದರೆ ನ್ಯಾಯಾಧೀಶರು ಒಪ್ಪಬಹುದು. ಆದರೆ ಹಗ್ಗಕ್ಕೆ ಗಂಟು ಹಾಕಬೇಡ ಅಂತ ಇಡೀ ಬಂದರಿಗೆ ಆಜ್ಞೆ ಕೊಡುವ ನ್ಯಾಯಾಧೀಶ ಇನ್ನೂ ಹುಟ್ಟಿಲ್ಲ.

ವಿಚಾರಣೆ ಏಪ್ರಿಲ್ ಕೊನೆಗೆ ನಿಗದಿಯಾಗಿತ್ತು. ಬೋನು ಬಿಡುವುದು ಮೇ ಮೊದಲ ವಾರ. ಆರ್ಮಂಡ್ ಐಸ್‌ಹೌಸ್ ಮೇಲಿನ ಕೋಣೆಯಲ್ಲಿ ಕೂತು ಹಳದಿ ಹಚ್ಚುತ್ತಿದ್ದ. ರೊವೀನಾ ತನ್ನ ಕೊಟ್ಟಿಗೆಯಲ್ಲಿ ಕೂತು ಹಳದಿ ಹಚ್ಚುತ್ತಿದ್ದಳು. ಟಿಲ್ಡಾ ವಾರಕ್ಕೊಮ್ಮೆ ಅಲ್ಲಿಂದಿಲ್ಲಿಗೆ ಬಂದು ಎರಡೂ ಕಡೆ ನೀಲಿ ಪಟ್ಟೆ ಎಳೆಯುತ್ತಿದ್ದಳು.

ಆ ತಿಂಗಳ ಒಂದು ಭಾನುವಾರ, ಇಗರ್ಜಿ ಬಿಟ್ಟ ಮೇಲೆ, ಅತ್ತೆ ಬಾಗಿಲಲ್ಲಿ ಆರ್ಮಂಡ್‌ನನ್ನು ತಡೆದು, “ನನ್ನ ಕಲ್ಲು ತೊಳೆಯೋಕೆ ಒಂದು ಗಟ್ಟಿ ಕೈ ಸಿಗುತ್ತಾ?” ಅಂದಳು. ಹತ್ತು ಹೆಜ್ಜೆ ಹೋಗಿ ರೊವೀನಾಳಿಗೂ ಅದನ್ನೇ ಅಂದಳು. ನನ್ನ ಕೈ ಸಣಕಲು, ಆದರೂ ಬಕೆಟ್ ಹೊರಲು ನನ್ನನ್ನೂ ಎಳೆದುಕೊಂಡಳು. ಅದರಿಂದ ಇದು ಕೇಳಿದ ಕಥೆಯಲ್ಲ, ಕಂಡದ್ದು.

ಗುಡ್ಡದ ಮೇಲೆ ಹಾಲಿಸ್ ಆಗಲೇ ಉದ್ದ ಹಿಡಿಯ ಹಲ್ಲುಕುಂಟೆ ಹಿಡಿದು ಚಳಿಗಾಲದ ಕಸ ಬಾಚುತ್ತಿದ್ದ.

“ಬಂದ್ಯಾ? ನಿನ್ನ ಕಡೆ ಕಸ ನನ್ನ ಕಡೆಗೆ ಹಾರ್ತಾ ಇದೆ,” ಅಂದ.

“ಗಾಳಿ ಬೀಸೋದು ನನ್ನ ಅಪ್ಪಣೆ ಕೇಳ್ಕೊಂಡಾ?” ಅಂದಳು ಅತ್ತೆ.

ರೊವೀನಾ ಕಲ್ಲಿನ ಒಂದು ಬದಿ ಉಜ್ಜಿದಳು, ಆರ್ಮಂಡ್ ಇನ್ನೊಂದು ಬದಿ. ಆರ್ಮಂಡ್ ಮಾತಾಡುತ್ತಲೇ ಇದ್ದ. ಪಾಚಿಯ ಬಗ್ಗೆ, ಬ್ರಷ್ಷಿನ ಬಗ್ಗೆ, ಒಳನಾಡಿನ ಕಲ್ಲು ಎಷ್ಟು ಮೆತ್ತಗಿರುತ್ತದೆ ಅನ್ನುವ ಬಗ್ಗೆ.

ಹಾಲಿಸ್ ಕುಂಟೆಗೆ ಗದ್ದ ಊರಿ ನಿಂತು ಹೇಳಿದ: “ನೋಡಿ ಮಕ್ಕಳಾ, ಸಲಿಕೆ ಯಾರಿಗೆ ಅಂತ ನಾವಿಬ್ರೂ ಎರಡು ವಾರ ಕಿತ್ತಾಡಿದ್ವಿ. ಆ ಸಲಿಕೆ ಮುಂದಿನ ಚಳಿಗಾಲಕ್ಕೇ ಮುರೀತು. ಈ ಕಲ್ಲಿಗೆ ನೋಡಿ, ಏನೂ ಆಗಿಲ್ಲ. ನಾಳೆ ನಾವು ಹೋದ್ಮೇಲೂ ಇಲ್ಲೇ ಒಬ್ಬರ ಪಕ್ಕ ಒಬ್ಬರು ಬಿದ್ಕೊಂಡು ಜಗಳ. ನಡುವೆ ಹೊದಿಕೆ ಎಳೆಯೋದು ಯಾರೋ!”

ಯಾರೂ ನಗುವುದನ್ನು ಮುಗಿಸುವ ಮೊದಲೇ ಅತ್ತೆ ಆರ್ಮಂಡ್ ಕಡೆ ತಿರುಗಿದಳು. “ಎಬೆನ್ ನಿನ್ನ ಕೈಗೆ ಬಕೆಟ್ ಕೊಟ್ಟ ದಿನ ಏನಂದ?”

ಆರ್ಮಂಡ್ ಬಾಯಿ ತೆರೆದ. ಮುಚ್ಚಿದ. ಹದಿನೈದು ವರ್ಷದಲ್ಲಿ ಅವನ ಮಾತು ನಿಂತದ್ದನ್ನು ನಾವು ಕಂಡಿರಲಿಲ್ಲ. ಬ್ರಷ್ಷನ್ನು ಬಕೆಟ್ಟಿನೊಳಗೆ ಅದ್ದಿದ, ತೆಗೆದ, ಮತ್ತೆ ಅದ್ದಿದ.

ಕೊನೆಗೆ ಕಲ್ಲಿಗೇ ಹೇಳುವ ಹಾಗೆ ಹೇಳಿದ: “‘ನನ್ನ ಹುಡುಗಿ ಕೇಳೋವರೆಗೂ ನಿನ್ನ ಹತ್ರ ಇರ್ಲಿ’ ಅಂದ.”

ರೊವೀನಾಳ ಕೈ ನಿಂತಿತು.

“ನೀನು ಯಾವತ್ತೂ ಕೇಳ್ಲಿಲ್ಲ ರೊವೀನಾ. ಹನ್ನೆರಡು ವರ್ಷ ಕೇಳ್ಲಿಲ್ಲ. ಮೊನ್ನೆ ಕಾಳೂಟದಲ್ಲಿ ನೀನು ಕೇಳಿದೆ. ಕೊಟ್ರೆ ನಾನು ಈ ಊರಿನಲ್ಲಿ ಇಲ್ಲ ಅಂತ ಸುಮ್ನಾದೆ. ತಪ್ಪು ನಂದೇ. ತಗೋ. ಹಳದಿ ನಿಂದು.” ಅಷ್ಟು ಹೇಳಿ ಅವನು ಮತ್ತೆ ಉಜ್ಜಲು ಶುರು ಮಾಡಿದ. ಉಜ್ಜುತ್ತಿದ್ದದ್ದು ಆಗಲೇ ಸ್ವಚ್ಛವಾಗಿದ್ದ ಜಾಗ.

ಅಲ್ಲಿ ಸಾಕ್ಷಿ ಇರಲಿಲ್ಲ. ಬಕೆಟ್ ಕೊಟ್ಟವನು ಹತ್ತು ಗಜ ಆಚೆ ಮಣ್ಣಿನಡಿ ಮಲಗಿದ್ದ. ಆರ್ಮಂಡ್ ಬಾಯಿ ಬಿಡದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದು ನಮಗೆಲ್ಲ ತಿಳಿದಿತ್ತು, ರೊವೀನಾಳಿಗೂ ತಿಳಿದಿತ್ತು. ಅವಳು ಬ್ರಷ್ಷನ್ನು ಬಕೆಟ್ಟಿಗೆ ಹಾಕಿ ಕಡಲ ಕಡೆ ತಿರುಗಿದಳು. ಇನ್ನು ಸೆಪ್ಟೆಂಬರ್‌ವರೆಗೂ ಗದ್ದವೇ ಗತಿ ಅಂತ ನಾನು ಅಂದುಕೊಳ್ಳುತ್ತಿದ್ದೆ.

“ಹಸಿರು,” ಅಂದಳು.

“ಏನು ಹಸಿರು?”

“ನೀಲಿ ಪಟ್ಟೆ ಇರೋ ಕಡೆ ಹಸಿರು ಹಚ್ಚು. ಹಳದಿ ಹಳದೀನೇ ಇರ್ಲಿ. ಬಣ್ಣ ನಂದು ಅಂದ್ಯಲ್ಲ, ಹಾಗಾದ್ರೆ ಪಟ್ಟೆ ಕೊಡೋ ಹಕ್ಕೂ ನಂದು. ಟಿಲ್ಡಾಗೆ ಅಪ್ಪ ಐದು ಗಂಟೆ ದಾರಿ ಆಚೆ ಇರಬಾರ್ದು.”

ಹಾಲಿಸ್‌ನ ಕೈಯಿಂದ ಕುಂಟೆ ಜಾರಿತು. “ಅಯ್ಯೋ ನಿನ್ನ! ಪಟ್ಟೆ ಕೊಡೋದು ಮಗನಿಗಲ್ಲೇನೇ? ಗಂಡನ್ನ ಬಿಟ್ಟು ಅವನನ್ನೇ ಮಗನ್ನ ಮಾಡ್ಕೊಂಡ್ಯಲ್ಲೇ!”

“ಹಾಗಾದ್ರೆ ಇವಳನ್ನ ಇನ್ಮೇಲೆ ಅಮ್ಮ ಅಂತ ಕರೀಬೇಕಾ?” ಅಂದ ಆರ್ಮಂಡ್. ಕಣ್ಣು ಒರೆಸಿಕೊಂಡದ್ದು ಪಾಚಿ ನೀರು ಹಾರಿದ್ದಕ್ಕೆ ಅಂತ ಅವನು ಇವತ್ತಿಗೂ ಹೇಳುತ್ತಾನೆ.

“ಮಾತು ಕಡಿಮೆ ಮಾಡಿದ್ರೆ ಸಾಕು,” ಅಂದಳು ರೊವೀನಾ.

ಮುಂದಿನ ಶನಿವಾರ ಕಾಳೂಟದಲ್ಲಿ ಕಾಗದಕ್ಕೆ ಹೊಸದೊಂದು ಕಲಮು ಸೇರಿತು. ಶಬ್ದದಲ್ಲಿ ಬರೆದರೆ ನಾಳೆ ಯಾವ ಹಳದಿ, ಯಾವ ಹಸಿರು ಅಂತ ತಕರಾರು ಬರಬಾರದಲ್ಲ? ರೊವೀನಾ ಎರಡು ಪುಟ್ಟ ಡಬ್ಬಿ ತಂದಿದ್ದಳು. ಬೆರಳಿನಿಂದ ಕಾಗದದ ಅಂಚಿಗೆ ಎರಡು ಬಣ್ಣ ಒತ್ತಿದಳು. ಅತ್ತೆ ಇಬ್ಬರ ಬಲಗೈ ಎತ್ತಿಸಿ, “ಇದರಲ್ಲಿ ಬರೆದದ್ದೆಲ್ಲ ನಿಜ ಅಂತ ಪ್ರಮಾಣ ಮಾಡ್ತೀರಾ?” ಅಂದಳು. ಆ ಒಂದು ಪ್ರಶ್ನೆ ಸರ್ಕಾರವೇ ಆಕೆಗೆ ಕೊಟ್ಟದ್ದು. ಮುದ್ರೆ ಕಟಕ್ ಅಂತ ಬಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಮದುವೆಯಲ್ಲಿ ಇಷ್ಟು ತಟ್ಟಿರಲಿಲ್ಲ ಅಂತ ಯಾರೋ ಅಂದರು.

ಜಿಲ್ಲಾಪಟ್ಟಣದಲ್ಲಿ ನ್ಯಾಯಾಧೀಶರು ಕಾಗದ ತಿರುವುತ್ತಾ ಬಂದು ಅಂಚಿನಲ್ಲಿ ನಿಂತರಂತೆ. “ಇದೇನಮ್ಮ, ನ್ಯಾಯಾಲಯದ ಕಾಗದಕ್ಕೆ ಬಣ್ಣ ಚೆಲ್ಲಿದೀರಾ?”

“ಚೆಲ್ಲಿಲ್ಲ ಸ್ವಾಮಿ. ಅದೇ ಕೊನೇ ಕಲಮು,” ಅಂದಳಂತೆ ರೊವೀನಾ.

ಅವರು ಓದಿದರು, ಇನ್ನೊಂದು ಸಲ ಓದಿದರು, ಬೆರಳು ಮುಟ್ಟಿಸಿ ಒಣಗಿದೆಯಾ ನೋಡಿದರು. ಸಹಿ ಹಾಕಿದರು.

ಆದರೆ ನ್ಯಾಯಾಧೀಶರ ಸಹಿ ಬಂದರಿನ ಸಹಿಯಲ್ಲ. ಮೇ ಮೊದಲ ವಾರ ಬೋನುಗಳು ನೀರಿಗೆ ಬಿದ್ದವು. ಹಳದಿ-ನೀಲಿ ಚಿಕ್ಕ ದೋಣಿಯ ಹಿಂದೆ, ಹಳದಿ-ಹಸಿರು ದೊಡ್ಡ ದೋಣಿಯ ಹಿಂದೆ. ಮಾಜಿ ಗಂಡನಿಗೆ ಪಟ್ಟೆ ಕೊಟ್ಟದ್ದನ್ನು ಈ ಕರಾವಳಿಯಲ್ಲಿ ಯಾರೂ ಕಂಡಿರಲಿಲ್ಲ. ಬಂದರು ಅದನ್ನು ಲೆಕ್ಕಕ್ಕೆ ಇಡುತ್ತದಾ, ಇಲ್ಲವಾ? ಆರ್ಮಂಡ್ ಒಂದೊಂದು ಹಗ್ಗ ಎಳೆಯುವಾಗಲೂ ಗಂಟು ಹುಡುಕುತ್ತಿದ್ದ. ದಿನಾ ಸಂಜೆ ಅತ್ತೆ ಕಟ್ಟೆಗೆ ಬಂದು “ಇದೆಯಾ?” ಅನ್ನುವಳು. “ಇನ್ನೂ ಇಲ್ಲ” ಅನ್ನುವನು. ಆ ‘ಇನ್ನೂ’ ಅನ್ನುವುದನ್ನು ಅವನು ಬಿಡಲಿಲ್ಲ.

ಎಂಟನೇ ದಿನ ಶನಿವಾರ. ಸಭಾಂಗಣ ತುಂಬಿತ್ತು. ರೊವೀನಾ ಒಂದು ಮೇಜಿನಲ್ಲಿ, ಆರ್ಮಂಡ್ ಇನ್ನೊಂದರಲ್ಲಿ. ಟಿಲ್ಡಾ ಎರಡೂ ಕಡೆಯಿಂದ ಪೈ ವಸೂಲಿ ಮಾಡುತ್ತಾ ಓಡಾಡುತ್ತಿದ್ದಳು. ಆಸಾ ಕಿಲ್ಟನ್ ಎದ್ದ. ತಟ್ಟೆ ಹಿಡಿದು ನಿಧಾನವಾಗಿ ಬಂದು ಆರ್ಮಂಡ್‌ನ ಪಕ್ಕದಲ್ಲಿ ನಿಂತ. ಎಲ್ಲರ ಚಮಚ ಮತ್ತೆ ನಿಂತಿತು.

“ಏಯ್ ಆಲೂಗಡ್ಡೆ.”

“ಹೇಳಿ, ಆಸಪ್ಪ.”

“ನಿನ್ನ ಹಸಿರು ತೀರಾ ಕಡು. ಮೋಡ ಇದ್ದ ದಿನ ದೂರದಿಂದ ನೀಲಿ ಥರ ಕಾಣುತ್ತೆ. ಇವತ್ತು ನಿಂದನ್ನ ರೊವೀನಾದು ಅಂದ್ಕೊಂಡು ನಾನು ದೋಣಿ ಸುಮ್ನೆ ತಿರುಗಿಸಿದೆ, ಡೀಸೆಲ್ ದಂಡ. ಮುಂದಿನ ವರ್ಷ ಆದ್ರೂ ಸರಿಯಾಗಿ ಹಚ್ಚು.” ಅಷ್ಟು ಗದರಿ ಇನ್ನೊಂದು ಸೌಟು ಕಾಳು ಹಾಕಿಸಿಕೊಳ್ಳಲು ಹೋದ.

ಮುಂದಿನ ವರ್ಷ. ಆ ಮಾತು ಕಿವಿಗೆ ಬಿದ್ದು ಒಳಗಿಳಿಯಲು ಆರ್ಮಂಡ್‌ಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವನ ಮುಖ ನೋಡಬೇಕಿತ್ತು. ಎದ್ದವನೇ ಪೈ ಮೇಜಿನ ಹತ್ತಿರ ಓಡಿದ.

“ಅತ್ತೆ, ಕೇಳಿದ್ರಾ? ಹಸಿರು ತಿಳಿ ಮಾಡಬೇಕಂತೆ! ಆದ್ರೆ ಕಾಗದದ ಮೇಲೆ ಒತ್ತಿರೋದು ಕಡು ಹಸಿರು, ನ್ಯಾಯಾಧೀಶರು ಸಹಿ ಹಾಕಿದಾರೆ. ನಾನು ತಿಳಿ ಮಾಡಲಾ, ಬೇಡವಾ?”

ಮಾಡಲಾ, ಬೇಡವಾ. ಆ ಒಂದು ಸಲ ಬಿಟ್ಟರೆ ಮೂವತ್ತೊಂದು ವರ್ಷ ಕಿಟಕಿಯ ಹಿಂದೆ ಆಕೆ ಉತ್ತರ ಕೊಡದೇ ಉಳಿಸಿಕೊಂಡ ಪ್ರಶ್ನೆ ಅದು. ಅತ್ತೆ ರೊವೀನಾಳ ಮೇಜಿನ ಕಡೆ ನೋಡಿದಳು. ಆ ಕಡೆಯಿಂದ ಗದ್ದ ಒಂದು ಸಲ ಮೇಲಕ್ಕೂ ಕೆಳಕ್ಕೂ ಆಡಿತು. ಅತ್ತೆ ನೀಲಿ ಡಬ್ಬಿಯ ಮುಚ್ಚಳ ಹಾಕಿದಳು. ಸೇಬಿನ ಪೈನ ಒಂದು ದೊಡ್ಡ ತುಂಡು ಕತ್ತರಿಸಿ ಅವನ ಮುಂದೆ ತಳ್ಳಿದಳು.

“ಇದು ಕಾನೂನಲ್ಲ ಕಣೋ, ಬಣ್ಣ,” ಅಂದಳು. “ತಿಳಿ ಮಾಡು.”